ಮೀನಕ್ಕನ ಹೆಜ್ಜೆ ಸದ್ದು

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಸಂಬಳದ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ನೀರಿನ ಘಟಕದ ಕಾವಲುಗಾರನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವಳು ಮೀನಕ್ಕ. ಮೀನು ಮಾರುವವಳಲ್ಲ, ಹಿಡಿಯುವವಳೂ ಅಲ್ಲ, ಮೀನು ನೋಡುವವಳು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕುರ್ಚಿಯ ಮೇಲೆ ಕೂತು, ಗಾಜಿನ ತೊಟ್ಟಿಯೊಳಗಿನ ಹನ್ನೆರಡು ಮೀನುಗಳನ್ನು ನೋಡುತ್ತಾ ಇರುವುದೇ ಅವಳ ಕೆಲಸ. "ಇಂಥ ಕೆಲಸ ನಮಗೂ ಸಿಗಬಾರದಾ" ಎಂದು ಮೂಗು ಮುರಿಯುವವರು ಬೇಕಾದಷ್ಟು ಜನ ಇದ್ದರು. ಅವರನ್ನು ಆ ಕುರ್ಚಿಯ ಮೇಲೆ ಕೂರಿಸಿದ್ದರೆ ಅರ್ಧ ಗಂಟೆಯೊಳಗೆ ಗೊರಕೆ ಹೊಡೆಯುತ್ತಿದ್ದರು ಎಂಬುದರಲ್ಲಿ ನನಗಂತೂ ಅನುಮಾನವಿಲ್ಲ.

ಊರಿನ ನಲ್ಲಿಗಳಿಗೆಲ್ಲ ನೀರು ಬರುವುದು ಹೊಳೆಯಿಂದ. ಹೊಳೆಯ ನೀರು ದಪ್ಪ ಕೊಳವೆಯಲ್ಲಿ ಘಟಕಕ್ಕೆ ಬಂದು, ಕೆಸರು ಇಳಿಸುವ ದೊಡ್ಡ ತೊಟ್ಟಿಗೆ ಬಿದ್ದು, ಮರಳಿನಲ್ಲಿ ಸೋಸಿ, ಔಷಧಿ ಬೆರೆಸಿಕೊಂಡು ಊರಿನ ಕಡೆ ಹೊರಡುತ್ತದೆ. ಆ ದಪ್ಪ ಕೊಳವೆಯಿಂದ ಬೆರಳು ಗಾತ್ರದ ಒಂದು ಕವಲು ಮೀನಕ್ಕನ ಕೋಣೆಗೆ ಬಂದು ಗಾಜಿನ ತೊಟ್ಟಿಯ ಎಡಗಡೆ ಸುರಿಯುತ್ತಿತ್ತು, ಬಲಗಡೆಯಿಂದ ಆಚೆ ಹೋಗುತ್ತಿತ್ತು. ಅಂದರೆ ಊರು ನಾಳೆ ಕುಡಿಯುವ ನೀರಿನಲ್ಲಿ ಈ ಮೀನುಗಳು ಇವತ್ತೇ ಉಸಿರಾಡುತ್ತಿದ್ದವು. ಪ್ರಯೋಗಾಲಯದಲ್ಲಿಯೂ ನೀರು ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಅಲ್ಲಿ ಯಾವ ವಿಷ ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು, ಉತ್ತರ ಬರಲು ನಾಲ್ಕು ಗಂಟೆ ಕಾಯಬೇಕು. ಮೀನಿಗೆ ಯಾರೂ ಏನನ್ನೂ ಹೇಳಿಕೊಡಬೇಕಿಲ್ಲ. ನೀರು ಒಳ್ಳೆಯದಿದ್ದರೆ ಅದು ಹರಿವಿಗೆ ಮುಖ ಕೊಟ್ಟು ತಳದ ಹತ್ತಿರ ನಿಲ್ಲುತ್ತದೆ. ಕೆಟ್ಟರೆ ಮೊದಲು ನೀರು ಬೀಳುವ ಕಡೆಯಿಂದ ದೂರ ಸರಿಯುತ್ತದೆ, ಆಮೇಲೆ ಮೇಲಕ್ಕೆ ಬಂದು ಬಾಯಿ ಬಿಡುತ್ತದೆ. ಮೂರು ಮೀನು ಒಟ್ಟಿಗೆ ಮೇಲೆ ಬಂದು ಬಾಯಿ ಬಿಟ್ಟರೆ ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಬೇಕು. ಗಂಟೆ ಹೊಡೆಯುತ್ತದೆ, ಗೇಟಿನವನು ಹೊಳೆಯ ನೀರು ನಿಲ್ಲಿಸುತ್ತಾನೆ. ಏನೂ ಆಗದಿದ್ದರೆ ಕಾಲು ಗಂಟೆಗೊಮ್ಮೆ ರಿಜಿಸ್ಟರಿನಲ್ಲಿ ಒಂದು ಸಾಲು: "ಮೀನು ತಮ್ಮ ಪಾಡಿಗಿವೆ."

ಈ ಕುರ್ಚಿ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಅವಳ ಗಂಡ ಇದೇ ಘಟಕದಲ್ಲಿ ಪಂಪು ನಡೆಸುತ್ತಿದ್ದ. ಒಂದು ಮಧ್ಯಾಹ್ನ ಎದೆ ನೋವೆಂದು ಪಂಪಿನ ಪಕ್ಕದ ಬೆಂಚಿನ ಮೇಲೆ ಮಲಗಿದವನು ಏಳಲೇ ಇಲ್ಲ. ಅವನ ಬದಲಿಗೆ ಹೆಂಡತಿಗೆ ಕೆಲಸ ಕೊಡಬೇಕು ಎಂದಾಯಿತು. ಎಲ್ಲಿ ಕೂರಿಸುವುದು ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಚಿಕ್ಕಂದಿನಲ್ಲಿ ಗೋಡೆಯಿಂದ ಬಿದ್ದು ಅವಳ ಬಲಗಾಲು ಸೊಟ್ಟಗಾಗಿತ್ತು. ಏಣಿ ಹತ್ತುವ, ವಾಲ್ವ್ ತಿರುಗಿಸುವ ಕೆಲಸ ಅವಳಿಂದ ಆಗುವಂತಿರಲಿಲ್ಲ. ಕೊನೆಗೆ ಯಾರೋ, "ಕಣ್ಣು ಚೆನ್ನಾಗಿದೆಯಲ್ಲ, ಮೀನು ನೋಡ್ಕೊಂಡಿರಲಿ" ಎಂದರು. ನಡೆಯುವಾಗ ಅವಳ ಎಡಗಾಲು ಟಕ್ ಎಂದು ಊರುತ್ತಿತ್ತು, ಬಲಗಾಲು ಸರ್ ಎಂದು ಎಳೆಯುತ್ತಿತ್ತು. ಗಟ್ಟಿ ಅಟ್ಟೆಯ ಚಪ್ಪಲಿ ಬೇರೆ. ಟಕ್, ಸರ್, ಟಕ್, ಸರ್ ಎಂದು ಆ ಉದ್ದನೆಯ ವರಾಂಡದಲ್ಲಿ ಅವಳು ಬರುವುದು ಕಣ್ಣು ಮುಚ್ಚಿಕೊಂಡವರಿಗೂ ಗೊತ್ತಾಗುತ್ತಿತ್ತು.

ಕಣ್ಣಿಲ್ಲದೆಯೂ ಅದನ್ನು ಗುರುತಿಸುತ್ತಿದ್ದವರು ಮನೆಯಲ್ಲೇ ಒಬ್ಬರಿದ್ದರು, ಅವಳ ಮಾವ. ಮಕ್ಕಳಾಗದ ಆ ಮನೆಯಲ್ಲಿ ಈಗ ಅವರಿಬ್ಬರೇ. ಮಾವನೂ ಒಂದು ಕಾಲದಲ್ಲಿ ಇದೇ ಘಟಕದಲ್ಲಿ ವಾಲ್ವ್ ತಿರುಗಿಸಿದವರು. ಕಣ್ಣು ಪೂರ್ತಿ ಹೋಗಿದ್ದರೂ ನಾಲಿಗೆ ಮಾತ್ರ ಹೊಚ್ಚ ಹೊಸದರಂತಿತ್ತು. ಸಂಜೆ ಬೀದಿಯ ತಿರುವಿನಲ್ಲಿ ಟಕ್-ಸರ್ ಕೇಳುತ್ತಲೇ ಒಳಗಿನಿಂದ "ಬಂದ್ಯಾ ತಾಯಿ?" ಎಂಬ ಕೂಗು ಬರುತ್ತಿತ್ತು. ಅವಳು ಚಪ್ಪಲಿ ಬಿಡುವುದರೊಳಗೆ ಮಾವ ಟೀಗೂ ಬಿಸ್ಕತ್ತಿಗೂ ಸಿದ್ಧವಾಗಿ ಕೂತಿರುತ್ತಿದ್ದರು. ದಿನಕ್ಕೆ ಎರಡೇ ಬಿಸ್ಕತ್ತು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮಾವ ಅವರನ್ನು ಡಾಕ್ಟರೆಂದೇ ಒಪ್ಪಿರಲಿಲ್ಲ.

ಮೀನಿನ ಕೋಣೆಯ ಗೋಡೆಯ ಮೇಲೂ ಒಂದು ಕಟ್ಟಪ್ಪಣೆ ಇತ್ತು, ತಗಡಿನ ಫಲಕದಲ್ಲಿ ಬರೆದದ್ದು. ಗಾಜು ತಟ್ಟಬಾರದು. ತೊಟ್ಟಿಗೆ ಕೈ ಹಾಕಬಾರದು. ಮೀನಿಗೆ ಯಾರೂ ಕೈಯಿಂದ ಏನನ್ನೂ ಹಾಕಬಾರದು. ಮೀನಿನ ಊಟ ಗೋಡೆಯ ಹಿಂದಿನಿಂದ ಒಂದು ಸಣ್ಣ ಕೊಳವೆಯಲ್ಲಿ, ಒಂದೊಂದು ದಿನ ಒಂದೊಂದು ಹೊತ್ತಿಗೆ, ತಾನಾಗಿ ಬೀಳುತ್ತಿತ್ತು. ಮೀನಕ್ಕ ಈ ಫಲಕವನ್ನು ದಿನವೂ ಒರೆಸುತ್ತಿದ್ದಳು. ಒರೆಸಿ ಒರೆಸಿ ಅಕ್ಷರ ಮಾಸಿಹೋಗಿತ್ತು.

ಗಂಡ ಹೋದ ಮೊದಲ ಆರು ತಿಂಗಳು ಅವಳು ಆ ಕೋಣೆಯಲ್ಲಿ ಬಾಯಿ ಬಿಟ್ಟವಳಲ್ಲ. ಮಾತಾಡಲು ಅಲ್ಲಿ ಯಾರಿದ್ದರು? ಒಂದು ದಿನ ಟೀಯಲ್ಲಿ ಅದ್ದಿದ ಬಿಸ್ಕತ್ತು ಬಾಯಿಗೆ ಬರುವ ಮೊದಲೇ ಮುರಿದು ತೊಟ್ಟಿಗೆ ಬಿತ್ತು. ಅವಳು ಗಾಬರಿಯಾಗಿ ಅತ್ತಿತ್ತ ನೋಡುವುದರೊಳಗೆ, ಬಾಲದ ತುದಿ ಹರಿದಿದ್ದ ಒಂದು ಮೀನು ಬಂದು ಆ ಚೂರನ್ನು ಗುಳುಮ್ ಮಾಡಿತು. ಆಮೇಲೆ ಅಲ್ಲೇ ನಿಂತು ಅವಳ ಕಡೆ ನೋಡಿತು. ಮೀನು ಎಲ್ಲಿ ನೋಡುತ್ತದೆ ಎಂದು ಯಾರಿಗೆ ಗೊತ್ತು? ಅವಳಿಗೆ ಮಾತ್ರ ತನ್ನನ್ನೇ ನೋಡಿತು ಎನ್ನಿಸಿತು. "ಏನೋ ಹರಕುಬಾಲ, ರುಚಿ ಹತ್ತಿತಾ?" ಎಂದಳು. ಆರು ತಿಂಗಳ ಮೇಲೆ ಅವಳು ಆ ಕೋಣೆಯಲ್ಲಿ ಆಡಿದ ಮೊದಲ ಮಾತು ಅದು.

ಮರುದಿನ ಚಿಟಿಕೆ ಪುಡಿ. ಅದರ ಮರುದಿನ ಇನ್ನೊಂದು ಚಿಟಿಕೆ. ಹದಿನೈದು ದಿನದಲ್ಲಿ ಹನ್ನೆರಡಕ್ಕೆ ಹನ್ನೆರಡೂ ಪಾಠ ಕಲಿತವು. ವರಾಂಡದಲ್ಲಿ ಟಕ್-ಸರ್ ಕೇಳಿದರೆ ಸಾಕು, ಅವಳು ಬಾಗಿಲಿಗೆ ಬರುವುದರೊಳಗೆ ಹನ್ನೆರಡು ಬಾಯಿಗಳು ನೀರಿನ ಮೇಲೆ. ಬೇರೆ ಯಾರು ಬಂದರೂ ಇವು ಕದಲುತ್ತಿರಲಿಲ್ಲ. ಸಾಹೇಬರು ಬೂಟು ಹಾಕಿಕೊಂಡು ಧಡಧಡ ಬಂದರೂ ಸೊಪ್ಪು ಹಾಕುತ್ತಿರಲಿಲ್ಲ. ಅವಳಿಗೆ ಮಾತ್ರ ಈ ಮರ್ಯಾದೆ. ಪುಡಿ ತಿಂದು ಮತ್ತೆ ಕೆಳಗಿಳಿಯುತ್ತಿದ್ದವು, ಅವಳು ರಿಜಿಸ್ಟರಿನಲ್ಲಿ ತಮ್ಮ ಪಾಡಿಗಿವೆ ಎಂದು ಬರೆಯುತ್ತಿದ್ದಳು. ಐದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಅವಳು ಟೀ ತರಲು ಹೋಗಿ ಹತ್ತೂ ನಲವತ್ತಕ್ಕೆ ವಾಪಸು ಬಂದಳು. ಎಂದಿನಂತೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. "ಬಂದೆ ಕಣ್ರೋ, ಬಂದೆ. ಒಂದು ಗುಟುಕು ಕುಡಿಯೋಕಾದ್ರೂ ಬಿಡ್ತೀರಾ" ಎಂದು ಕೂತಳು. ಬಿಸಿ ಟೀ ಆರಿಸಿಕೊಂಡು ಕುಡಿದಳು. ಅರ್ಧ ಲೋಟ ಖಾಲಿಯಾದ ಮೇಲೆ ಬಿಸ್ಕತ್ತು ಪುಡಿ ಮಾಡಿ ಹಾಕಿದಳು.

ಪುಡಿ ನೀರಿನ ಮೇಲೆ ತೇಲಿತು. ಯಾರೂ ಮುಟ್ಟಲಿಲ್ಲ. ಹರಕುಬಾಲನ ಬಾಯಿಗೆ ನೀರಿನ ಜೊತೆ ಒಂದು ಚೂರು ಹೋಗಿ, ಹಾಗೆಯೇ ಹೊರಗೆ ಬಂತು. "ಯಾಕೋ, ಸಿಟ್ಟಾ?" ಎಂದು ಅವಳು ಬಗ್ಗಿದಳು. ಆಗ ಕಣ್ಣು ಎಡಗಡೆಗೆ ಹೋಯಿತು. ನೀರು ಬೀಳುವ ಕಡೆ ಒಂದೂ ಮೀನಿರಲಿಲ್ಲ. ಒಂದಂತೂ ಮಗ್ಗುಲಾಗಿ ತೇಲುತ್ತಿತ್ತು. ಲೋಟ ಎಲ್ಲಿ ಬಿತ್ತೋ, ಕುರ್ಚಿ ಎಲ್ಲಿ ಉರುಳಿತೋ ಗೊತ್ತಾಗಲಿಲ್ಲ. ಗುಂಡಿ ಒತ್ತಿ ತಿರುಗಿದಾಗ ಗೋಡೆಯ ಗಡಿಯಾರ ಹತ್ತೂ ನಲವತ್ತೇಳು ತೋರಿಸುತ್ತಿತ್ತು.

ಗೇಟಿನವನು ನೀರು ನಿಲ್ಲಿಸಿದ. ಪ್ರಯೋಗಾಲಯದ ಮೇಡಂ, ಅಂದರೆ ಹೋದ ವರ್ಷ ಕೆಲಸಕ್ಕೆ ಸೇರಿದ ಚುರುಕು ಹುಡುಗಿ, ಬಾಟಲಿ ಹಿಡಿದು ಓಡಿ ಬಂದು ತೊಟ್ಟಿಯ ನೀರು ತುಂಬಿಕೊಂಡು ಹೋದಳು. ನಾಲ್ಕು ಗಂಟೆಗಳ ಮೇಲೆ ಉತ್ತರ ಬಂತು. ಹೊಳೆಯ ಮೇಲ್ಭಾಗದಲ್ಲಿ ಯಾರೋ ಬೆಳೆಗೆ ಹೊಡೆಯುವ ಕೀಟನಾಶಕದ ಪೀಪಾಯಿಗಳನ್ನು ತೊಳೆದಿದ್ದರು. ಕೆಟ್ಟ ನೀರು ಕೆಸರಿನ ತೊಟ್ಟಿಯವರೆಗೆ ಬಂದಿತ್ತು, ಅದರಿಂದ ಮುಂದೆ ಹೋಗಿರಲಿಲ್ಲ. ಆ ತೊಟ್ಟಿ ಪೂರ್ತಿ ಖಾಲಿ ಮಾಡಿದರು. ಊರಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಮೀನುಗಳಲ್ಲಿ ಎರಡು ಸತ್ತವು. ಹರಕುಬಾಲ ಮತ್ತು ಉಳಿದ ಒಂಬತ್ತು ಬೇರೆ ನೀರಿಗೆ ಬಿಟ್ಟ ಮೇಲೆ ಚೇತರಿಸಿಕೊಂಡವು.

ಸಂಜೆ ಸಾಹೇಬರು ಎಲ್ಲರನ್ನೂ ವರಾಂಡದಲ್ಲಿ ಸೇರಿಸಿದರು. ಅವರಿಗೊಂದು ಅಭ್ಯಾಸ, ಸಿಟ್ಟು ಬಂದರೆ ಪೆನ್ನಿನ ಕ್ಯಾಪು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಾರೆ. ಅವತ್ತು ಪೆನ್ನು ಜೇಬಿನಲ್ಲೇ ಇತ್ತು. "ಇವತ್ತು ಇಡೀ ಊರನ್ನ ಉಳಿಸಿದ್ದು ನಮ್ಮ ಮೀನಕ್ಕ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಗು ಮುರಿಯುತ್ತಿದ್ದವರೂ ತಟ್ಟಿದರು. ಪಂಪಿನವನು, "ಅಣ್ಣ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ದ" ಎಂದು ಕಣ್ಣೊರೆಸಿಕೊಂಡ.

ಅವಳು ತಲೆ ತಗ್ಗಿಸಿ ನಿಂತಿದ್ದಳು. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಚಪ್ಪಾಳೆ ಬೇಡ ಎನ್ನುವವರು ಯಾರಿದ್ದಾರೆ ಹೇಳಿ? ಆದರೆ ಆ ಏಳು ನಿಮಿಷ ಅವಳ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅದೇ ವಿಷ ಇನ್ನೂ ಸ್ವಲ್ಪ ಜೋರಾಗಿದ್ದಿದ್ದರೆ, ಅವಳು ಇನ್ನೊಂದು ಲೋಟ ಟೀ ಕುಡಿದಿದ್ದಿದ್ದರೆ?

"ಏಳು ನಿಮಿಷ ತಡ ಮಾಡಿದೆ ಸಾಹೇಬ್ರೆ" ಎಂದಳು. "ಅವು ಉಸಿರಿಗೆ ಒದ್ದಾಡ್ತಿದ್ವು. ನಾನು ಬಿಸ್ಕತ್ತಿಗೆ ಅಂದ್ಕೊಂಡೆ."

ಅವಳು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು, ಚಿಟಿಕೆ ಪುಡಿಯನ್ನೂ ಬಿಡಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಸಾಹೇಬರ ಪೆನ್ನು ಜೇಬಿನಿಂದ ಹೊರಗೆ ಬಂದು ಟಿಕ್ ಟಿಕ್ ಶುರುವಾಯಿತು.

"ಅಂದ್ರೆ ಐದು ವರ್ಷದಿಂದ ನೀವು ಬಂದಾಗೆಲ್ಲ ಮೀನು ಮೇಲೆ ಬರುತ್ತೆ. ವಿಷ ಬಂದ್ರೂ ಮೇಲೆ ಬರುತ್ತೆ. ನಾವು ಯಾವುದನ್ನ ನಂಬೋದು?" ಎಂದರು ಸಾಹೇಬರು. "ನಿಮ್ಮನ್ನ ಮನೆಗೆ ಕಳಿಸಲ್ಲ, ಹೆದರಬೇಡಿ. ನಾಳೆಯಿಂದ ಸ್ಟೋರಿಗೆ ಹೋಗಿ. ಪೈಪಿನ ತುಂಡುಗಳನ್ನ ಜೋಡಿಸ್ಕೊಂಡಿರಿ, ಅವು ಯಾರನ್ನೂ ನೋಡಿ ಬಾಯಿ ಬಿಡಲ್ಲ."

ಅವಳ ಮುಖ ಬಿಳಿಚಿಕೊಂಡಿತು. ಸ್ಟೋರ್ ಎಂದರೆ ಕಿಟಕಿಯಿಲ್ಲದ ಕೋಣೆ. ಆದರೆ ಅವಳಿಗೆ ಕಿಟಕಿಯ ಚಿಂತೆಯಲ್ಲ. ಆ ಮೀನುಗಳನ್ನು ಬಿಟ್ಟು ಎಲ್ಲಿ ಕೂತರೂ ಅವಳಿಗೆ ಒಂದೇ.

ಆಗ ಪ್ರಯೋಗಾಲಯದ ಹುಡುಗಿ ಬಾಯಿ ಹಾಕಿದಳು. "ಸರ್, ಮೀನು ಕಲಿತಿದ್ದನ್ನ ಮರೆಯುತ್ತೆ. ಒಂದು ತಿಂಗಳು ಕೊಡಿ. ಅಲ್ಲಿವರೆಗೆ ನಾನು ದಿನಕ್ಕೆ ಎಂಟು ಸಲ ನೀರು ಪರೀಕ್ಷೆ ಮಾಡ್ತೀನಿ, ಅಕ್ಕನ ಜೊತೆ ನಮ್ಮವರೊಬ್ರು ಕೂತಿರ್ತಾರೆ. ಅಕ್ಕನ ಹಾಗೆ ನೋಡೋರು ನಮಗೆ ಬೇರೆ ಸಿಗಲ್ಲ. ಪುಡಿ ಮುಟ್ಟಲಿಲ್ಲ ಅಂತ ಗಮನಿಸಿದ್ದು ಅವರೇ ತಾನೆ?"

ಸಾಹೇಬರು ಕ್ಯಾಪು ಹಾಕಿ ತೆಗೆದು ಮತ್ತೆ ಹಾಕಿದರು. "ತಿಂಗಳ ಕೊನೆಗೆ ನಾನೇ ಬಂದು ತೊಟ್ಟಿ ಮುಂದೆ ನಿಲ್ತೀನಿ. ಇವರು ವರಾಂಡದ ಆ ತುದಿಯಿಂದ ನಡೆದು ಬರಲಿ. ಒಂದೇ ಒಂದು ಮೀನು ಮೇಲೆ ಬಂದ್ರೂ ಸ್ಟೋರ್" ಎಂದು ಹೊರಟುಹೋದರು.

ಎಲ್ಲರೂ ಚದುರಿದ ಮೇಲೆ ಹುಡುಗಿ ಅವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಬೆಳಗಿನ ಬಾಟಲಿ ತೋರಿಸಿದಳು. ತಳದಲ್ಲಿ ಬಿಸ್ಕತ್ತಿನ ಪುಡಿ ನೆನೆದು ಕೂತಿತ್ತು. "ನಾನು ಬೆಳಿಗ್ಗೇನೇ ನೋಡಿದ್ದೆ ಅಕ್ಕ. ನೀವು ಹೇಳದೇ ಇದ್ದಿದ್ರೆ ನಾನು ಹೇಳಬೇಕಾಗಿತ್ತು. ಹೇಳ್ತಿದ್ನೋ ಇಲ್ವೋ ನನಗೇ ಗೊತ್ತಿಲ್ಲ."

"ಮೇಡಂ, ಅವಕ್ಕೆ ನಾನು ಬಂದಿದ್ದು ಹೇಗೆ ಗೊತ್ತಾಗುತ್ತೆ? ಮೀನಿಗೆ ಕಿವಿ ಎಲ್ಲಿದೆ?"

"ಒಳಗಡೆ ಇದೆ. ಅದಲ್ದೆ ಮೈಯುದ್ದಕ್ಕೂ ಒಂದು ಗೆರೆ ಇದೆಯಲ್ಲ, ಎರಡೂ ಪಕ್ಕದಲ್ಲಿ? ನೀರು ಚೂರು ಅಲುಗಿದ್ರೂ ಆ ಗೆರೆಗೆ ಗೊತ್ತಾಗುತ್ತೆ. ನೀವು ಕಾಲು ಊರಿದ್ರೆ ನೆಲ ಅದುರುತ್ತೆ, ನೆಲದಿಂದ ಮೇಜು, ಮೇಜಿಂದ ಗಾಜು, ಗಾಜಿಂದ ನೀರು. ನಿಮ್ಮ ಹೆಜ್ಜೆ ಬೇರೆ ಯಾರ ಥರಾನೂ ಇಲ್ಲ. ಅದಕ್ಕೇ ಇಷ್ಟು ಬೇಗ ಕಲಿತ್ವು."

ಚಿಕ್ಕಂದಿನಿಂದ ಎಲ್ಲರೂ ಆಡಿಕೊಂಡ ಕಾಲು ಅದು. ಅದನ್ನು ಮೆಚ್ಚಿಕೊಂಡ ಪ್ರಾಣಿಗಳು ಲೋಕದಲ್ಲಿ ಹನ್ನೆರಡೇ ಹನ್ನೆರಡು. ಈಗ ಅವುಗಳಲ್ಲಿ ಉಳಿದ ಹತ್ತು ಅದನ್ನು ಮರೆಯಬೇಕಿತ್ತು, ಮರೆಯುವಂತೆ ಅವಳೇ ಮಾಡಬೇಕಿತ್ತು. ಇದಕ್ಕಿಂತ ಕ್ರೂರವಾದ ಕೆಲಸವನ್ನು ಸಾಹೇಬರು ಬೇಕೆಂದೇ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ವಿಧಾನ ಸುಲಭ. ದಿನಕ್ಕೆ ಇಪ್ಪತ್ತು ಸಲ ವರಾಂಡದ ತುದಿಗೆ ಹೋಗಿ ಬರಬೇಕು. ಎಂದಿನಂತೆ ಕೂರಬೇಕು. ಬಿಸ್ಕತ್ತಿನ ಪೊಟ್ಟಣ ಸರಸರ ಎನ್ನಿಸಬೇಕು. ಏನೂ ಕೊಡಬಾರದು. ಹೆಜ್ಜೆಗೂ ತಿಂಡಿಗೂ ಸಂಬಂಧವಿಲ್ಲ ಎಂದು ಅವಕ್ಕೆ ಮನವರಿಕೆಯಾಗಬೇಕು. "ಒಂದೇ ಒಂದು ಸಲ ಕೊಟ್ಟರೂ ಕಥೆ ಮುಗೀತು ಅಕ್ಕ. ಒಂದಲ್ಲ ಒಂದು ದಿನ ಸಿಗುತ್ತೆ ಅಂತ ಜನ್ಮಪೂರ್ತಿ ಕಾಯ್ತವೆ" ಎಂದು ಹುಡುಗಿ ಎಚ್ಚರಿಸಿದ್ದಳು.

ಮೊದಲ ದಿನ ಹತ್ತೂ ಮೇಲೆ ಬಂದವು. ಬಾಯಿ ಬಿಟ್ಟವು, ಕಾದವು, ಕೆಳಗೆ ಹೋದವು. ಅವಳು ಎದ್ದು ಹೋಗಿ ಮತ್ತೆ ಬಂದಳು, ಮತ್ತೆ ಹತ್ತೂ ಬಂದವು. ಮೂರನೆಯ ದಿನ ಇನ್ನೂ ಜೋರು. ಒಂದರ ಮೇಲೊಂದು ಬಿದ್ದು, ನೀರು ಚಿಮ್ಮಿಸಿ, ಅವಳ ಸೆರಗೆಲ್ಲ ಒದ್ದೆ ಮಾಡಿದವು. ಮರೆಯುವ ಮುಂಚೆ ಹೀಗೆ ಹಟ ಜಾಸ್ತಿಯಾಗುತ್ತದೆ ಎಂದು ಹುಡುಗಿ ಸಮಾಧಾನ ಹೇಳಿದಳು. ಮೀನಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಳು. ಗೋಡೆಯ ಮೇಲೆ ಆ ತಗಡಿನ ಫಲಕ ಇತ್ತು. ಮಾಸಿದ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಇಷ್ಟು ವರ್ಷದಲ್ಲಿ ಅದನ್ನು ಒರೆಸಿದ್ದಳೇ ಹೊರತು ಓದಿದ್ದು ಅದೇ ಮೊದಲು.

ಎರಡನೆಯ ವಾರ ಅವಳಿಗೊಂದು ಉಪಾಯ ಹೊಳೆಯಿತು. ಚಪ್ಪಲಿ ಬಿಟ್ಟು, ಬಲಗಾಲನ್ನು ಎಳೆಯದೆ ಎತ್ತಿ ಎತ್ತಿ ಇಟ್ಟು, ಬೆಕ್ಕಿನ ಹಾಗೆ ಬಂದಳು. ಒಂದೂ ಮೀನು ಮೇಲೆ ಬರಲಿಲ್ಲ! ಅವಳ ಸಂತೋಷಕ್ಕೆ ಪಾರವೇ ಇಲ್ಲ. ಕಾಲು ನೋಯುತ್ತಿತ್ತು, ನೋಯಲಿ. ಈ ನಡಿಗೆಯನ್ನೇ ರೂಢಿ ಮಾಡಿಕೊಂಡರಾಯಿತು ಎಂದುಕೊಂಡಳು. ಸಂಜೆ ಮನೆಗೂ ಚಪ್ಪಲಿ ಕೈಯಲ್ಲಿ ಹಿಡಿದು ಹಾಗೆಯೇ ನಡೆದಳು. ಬೀದಿಯ ತಿರುವು ದಾಟಿದಳು, ಕೂಗು ಬರಲಿಲ್ಲ. ಬಾಗಿಲು ತೆಗೆದು ಒಳಗೆ ಕಾಲಿಟ್ಟಳು.

"ಯಾರದು?" ಎಂದರು ಮಾವ. ಧ್ವನಿಯಲ್ಲಿ ಹೆದರಿಕೆ ಇತ್ತು. ಕೈ ಪಕ್ಕದ ಊರುಗೋಲನ್ನು ತಡಕಾಡುತ್ತಿತ್ತು. "ಯಾರ್ರೀ ಅದು ಒಳಗೆ ಬಂದಿದ್ದು? ನಮ್ಮ ಸೊಸೆ ಈಗ ಬರ್ತಾಳೆ, ಗೊತ್ತಾ?"

"ನಾನೇ ಮಾವ, ನಾನೇ" ಎಂದು ಓಡಿಹೋಗಿ ಕೈ ಹಿಡಿದಳು. ಅವಳು ನಡೆದದ್ದೆಲ್ಲ ಹೇಳಿದಳು. ಮಾವ ಕೇಳಿ ನಕ್ಕರು.

"ಕಳ್ಳರ ಹಾಗೆ ಎಷ್ಟು ದಿನ ನಡೀತೀಯಮ್ಮ?" ಎಂದರು. "ಒಂದಿನ ಕಾಲು ನೋಯುತ್ತೆ, ಒಂದಿನ ಮರೀತೀಯ, ಒಂದಿನ ಆತುರ ಇರುತ್ತೆ. ಅವತ್ತೇ ವಿಷ ಬಂದ್ರೆ? ವಾಲ್ವ್ ಕೆಟ್ಟಿದ್ರೆ ರಿಪೇರಿ ಮಾಡಬೇಕು, ಮೇಲೆ ಬಟ್ಟೆ ಸುತ್ತಿದ್ರೆ ಆಯ್ತಾ?"

ಮರುದಿನ ಹುಡುಗಿಯೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಬೈದಳು. ಮೀನಕ್ಕ ಮುಖ ಸಣ್ಣ ಮಾಡಿಕೊಂಡು ಚಪ್ಪಲಿ ಹಾಕಿಕೊಂಡಳು. ಮತ್ತೆ ಟಕ್, ಸರ್. ಮತ್ತೆ ಹತ್ತು ಬಾಯಿ. ಹಿಂದಿನ ದಿನದ ಶ್ರಮವೆಲ್ಲ ಹೊಳೆಗೆ ಹೋಗಿತ್ತು.

ಆ ಮೇಲೆ ಅವಳು ಹಲ್ಲು ಕಚ್ಚಿಕೊಂಡು ನಡೆದಳು. ದಿನಕ್ಕೆ ಇಪ್ಪತ್ತಲ್ಲ, ಮೂವತ್ತು ಸಲ. ವರಾಂಡದ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದವರು ಮೊದಮೊದಲು ನಕ್ಕರು, ಆಮೇಲೆ ಲೆಕ್ಕ ಇಡತೊಡಗಿದರು. "ಹದಿನೆಂಟು ಆಯ್ತಕ್ಕ, ಇನ್ನು ಹನ್ನೆರಡು" ಎಂದು ಗೇಟಿನವನು ಕೂಗುತ್ತಿದ್ದ. ಮೂರನೆಯ ವಾರದ ಕೊನೆಗೆ ಹತ್ತು ಏಳಾಯಿತು. ಏಳು ನಾಲ್ಕಾಯಿತು. ನಾಲ್ಕು ಒಂದಾಯಿತು. ಆ ಒಂದು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಅದು ಯಾವುದೆಂದು ಹೇಳಬೇಕಾಗಿಲ್ಲ.

ಹರಕುಬಾಲ ಬರುತ್ತಿದ್ದ, ಒಬ್ಬನೇ ಬರುತ್ತಿದ್ದ. ಬಾಯಿ ತೆರೆದು, ಮುಚ್ಚಿ, ತೆರೆದು ನಿಲ್ಲುತ್ತಿದ್ದ. ಕೊನೆಯ ದಿನಕ್ಕೆ ಇನ್ನು ಐದೇ ದಿನ ಉಳಿದಿತ್ತು. ಜೊತೆಗೆ ಕೂರುತ್ತಿದ್ದ ಪ್ರಯೋಗಾಲಯದವನು ಅವತ್ತು ಊಟಕ್ಕೆ ಹೋಗಿದ್ದ. ಮೀನಕ್ಕನ ಬೆರಳುಗಳ ನಡುವೆ ಒಂದು ಚೂರು ಬಿಸ್ಕತ್ತು ಇತ್ತು. ಯಾರು ನೋಡುತ್ತಿದ್ದರು? ಒಂದು ಚೂರಿಗೆ ಏನಾಗುತ್ತದೆ? ಸ್ಟೋರಿಗೆ ಹೋದರೆ ಹೋಗಲಿ, ಒಂದು ಜೀವವಾದರೂ ತನ್ನನ್ನು ಮರೆಯದೆ ಇರಲಿ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಕೈ ನೀರಿನ ಮೇಲೆ ಬಂತು.

ಅವನು ಬಾಯಿ ಬಿಟ್ಟು ನಿಂತಿದ್ದ ರೀತಿ, ಆ ಮಂಗಳವಾರ ಪುಡಿಯನ್ನು ನುಂಗದೆ ಹೊರಗೆ ಬಿಟ್ಟನಲ್ಲ, ಅದೇ ರೀತಿ. ಎರಡಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಅವತ್ತು ಅವನು ಸಾಯುತ್ತಿದ್ದ, ಅವಳು ಟೀ ಆರಿಸಿಕೊಂಡು ಕುಡಿಯುತ್ತಿದ್ದಳು. ಅವಳು ಚೂರನ್ನು ತನ್ನ ಬಾಯಿಗೇ ಹಾಕಿಕೊಂಡಳು.

"ನನ್ನ ಮರೆತುಬಿಡೋ ಮಾರಾಯ" ಎಂದಳು. "ನೀನು ಮರೆತ್ರೇನೇ ನಾನು ನಿನ್ನ ನೋಡ್ಕೋಬಹುದು."

ತಿಂಗಳ ಕೊನೆಯ ದಿನ ಸಾಹೇಬರು ಬಂದು ತೊಟ್ಟಿಯ ಮುಂದೆ ನಿಂತರು. ಪಕ್ಕದಲ್ಲಿ ಹುಡುಗಿ. ಕಿಟಕಿಯಲ್ಲಿ ಗೇಟಿನವನು, ಪಂಪಿನವನು, ಕೆಲಸ ಬಿಟ್ಟು ಬಂದ ಇನ್ನೂ ನಾಲ್ಕೈದು ಜನ. ಮೀನಕ್ಕ ವರಾಂಡದ ತುದಿಯಿಂದ ಹೊರಟಳು. ಟಕ್, ಸರ್, ಟಕ್, ಸರ್. ನಲವತ್ತು ಹೆಜ್ಜೆಯ ವರಾಂಡ ಅವತ್ತು ನಾಲ್ಕುನೂರು ಹೆಜ್ಜೆಯಾದಂತಿತ್ತು. ಬರಬೇಡಿ, ಬರಬೇಡಿ ಎಂದು ಬೇಡಿಕೊಳ್ಳುತ್ತಲೇ ಬಂದಳು. ಬಾಗಿಲಿಗೆ ಬಂದು ನಿಂತಳು. ಕುರ್ಚಿಯವರೆಗೆ ಬಂದಳು. ಕೂತಳು. ಪೊಟ್ಟಣ ಸರಸರ ಎನ್ನಿಸಿದಳು.

ಹತ್ತು ಮೀನುಗಳೂ ಎಡಗಡೆಗೆ ಮುಖ ಮಾಡಿ ತಳದಲ್ಲಿ ನಿಂತಿದ್ದವು. ಹರಕುಬಾಲ ಎಲ್ಲರಿಗಿಂತ ಮುಂದೆ, ನೀರು ಬೀಳುವ ಜಾಗದಲ್ಲೇ ಇದ್ದ. ಕತ್ತು ಕೂಡ ತಿರುಗಿಸಲಿಲ್ಲ ಎನ್ನೋಣವೆಂದರೆ ಮೀನಿಗೆ ಕತ್ತೇ ಇಲ್ಲ. ಸಾಹೇಬರು ಐದು ನಿಮಿಷ ಗಡಿಯಾರ ನೋಡಿದರು. ಪೆನ್ನು ಜೇಬಿಗೆ ಹೋಯಿತು.

"ಸರಿ. ಬರೀರಿ ಮೀನಕ್ಕ" ಎಂದರು.

ಹೊರಗೆ ಯಾರೋ ಶಿಳ್ಳೆ ಹೊಡೆದರು. ಹುಡುಗಿ ಹಿಂದಿನಿಂದ ಬಂದು ಅವಳ ಹೆಗಲು ಹಿಡಿದಳು. ಮೀನಕ್ಕ ರಿಜಿಸ್ಟರ್ ಎಳೆದುಕೊಂಡು "ಮೀನು ತಮ್ಮ ಪಾಡಿಗಿವೆ" ಎಂದು ಬರೆದಳು. ಸಾವಿರಾರು ಸಲ ಬರೆದ ಸಾಲು. ಅದು ನಿಜವಾದದ್ದು ಅವತ್ತೇ. ಬರಬೇಡಿ ಎಂದು ಬೇಡುತ್ತಾ ಬಂದವಳಿಗೆ ಒಳಗೊಳಗೆ ಹರಕುಬಾಲ ಬಂದರೂ ಬರಬಹುದು ಎಂಬ ಆಸೆಯಿತ್ತು ಎಂದು ಆಗ ಗೊತ್ತಾಯಿತು. ಕಣ್ಣೀರು ಬಿದ್ದು ಕೊನೆಯ ಪದದ ಶಾಯಿ ಹರಡಿತು. ಅವಳು ಅದನ್ನು ಸೆರಗಿನಿಂದ ಒತ್ತಿ ತೆಗೆದು, ಕುರ್ಚಿ ಸರಿಮಾಡಿಕೊಂಡು, ನಾಲ್ಕು ಗಂಟೆಯವರೆಗೆ ಮೀನು ನೋಡಿದಳು.

ಸಂಜೆ ಅವಳು ಬೀದಿಯ ತಿರುವಿಗೆ ಇನ್ನೂ ಬಂದಿರಲಿಲ್ಲ.

"ಬಂದ್ಯಾ ತಾಯಿ?" ಎಂಬ ಕೂಗು ಕೇಳಿತು. "ಇವತ್ತು ಕಾಲು ಭಾರ ಬೀಳ್ತಿದೆ. ಫೇಲಾ?"

"ಪಾಸು ಮಾವ" ಎಂದಳು ಹೊಸ್ತಿಲು ದಾಟುತ್ತಾ.

"ಪಾಸಾದೋರು ಹೀಗೆ ಸೊರ್ ಅಂತ ಮೂಗು ಏರಿಸ್ತಾರಾ?"

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಚಪ್ಪಲಿ ಬಿಟ್ಟು, ಟೀಗೆ ನೀರಿಟ್ಟು, ತಿಂಗಳಿಡೀ ಕೈಯಲ್ಲಿ ಆಡಿಸಿದ ಆ ಪೊಟ್ಟಣವನ್ನು ಚೀಲದಿಂದ ತೆಗೆದಳು. ಅದರ ಸರಸರ ಸದ್ದಿಗೆ ಮಾವನ ಅಂಗೈ ತಾನಾಗಿ ಮೇಲಾಗಿ ಅವಳ ಕಡೆ ಬಂತು. ಅವಳು ಅದರಲ್ಲಿ ಎರಡು ಬಿಸ್ಕತ್ತು ಇಟ್ಟಳು. ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಮೂರನೆಯದನ್ನೂ ಇಟ್ಟಳು.